ಹತ್ತರ ಮನೆ

ಜೂನ್ 9

ಅಕ್ಕಾ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾವಿಬ್ಬರೂ ಫೋನ್ ಹಿಡಿದರೆ ಐದನೇ ನಿಮಿಷಕ್ಕೆ ಜಗಳ. ಕಾಗದದಲ್ಲಿ ಜಗಳ ಆಡಲು ನಾಲ್ಕು ದಿನ ಬೇಕು, ಅಷ್ಟರಲ್ಲಿ ಸಿಟ್ಟು ಆರಿರುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಹಾಗಾಗಿ ಇದು.

ನಮ್ಮ ಸಾಸಿವೆಯನ್ನು ಶಾಲೆ ಬಿಡಿಸಿದೆ. ಎರಡನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸುತ್ತೇವೆ ಎಂದರು. "ಬೋರ್ಡ್ ಮೇಲಿರೋದ್ರಲ್ಲಿ ಅರ್ಧ ಮಾತ್ರ ಬರ್ಕೊಳ್ತಾಳೆ. ನಿಮ್ಮ ಮಗಳಿಗೆ ಮೈಗಳ್ಳತನ" ಎಂದಳು ಅವಳ ಟೀಚರು, ಮಗುವಿನ ಎದುರಿಗೇ. ಇವಳು, "ಎಲ್ಲಾ ಬರ್ದಿದೀನಿ ಮಿಸ್" ಎಂದಳು. ಸುಳ್ಳು ಬೇರೆ ಕಲಿತಿದ್ದಾಳೆ ಎಂದು ಅದಕ್ಕೂ ಬೈಗುಳ. ಕೈ ಹಿಡಿದು ಎಳೆದುಕೊಂಡು ಮನೆಗೆ ಬಂದೆ.

ಇವರಿಗೆ ಇದು ಸುತರಾಂ ಇಷ್ಟವಿಲ್ಲ. "ಸರಿ, ಮನೇಲೇ ಕಲಿಸು. ಮಾರ್ಚಲ್ಲಿ ಮೂರನೇ ಕ್ಲಾಸಿನ ಪ್ರವೇಶ ಪರೀಕ್ಷೆ ಬರೀಲಿ. ಪಾಸಾಗ್ಲಿಲ್ಲ ಅಂದ್ರೆ ನಾನು ಹೇಳಿದ ಹಾಸ್ಟೆಲ್ ಶಾಲೆ. ಆಗ ಕಣ್ಣೀರು ಹಾಕ್ಕೊಂಡು ಬರಬಾರ್ದು" ಎಂದಿದ್ದಾರೆ. ಏಳು ವರ್ಷದ ಮಗುವನ್ನು ಹಾಸ್ಟೆಲಿಗೆ ಕಳಿಸಿ ನಾನು ಈ ಮನೆಯಲ್ಲಿ ಏನು ಮಾಡಲಿ, ಹೇಳು.

ಕಥೆ, ಹಾಡು, ಗಿಡ ಮರ ಎಲ್ಲ ನಾನು ನೋಡಿಕೊಳ್ಳುತ್ತೇನೆ. ಲೆಕ್ಕ ಮಾತ್ರ ನನ್ನ ಕೈಲಾಗದು. ಕಲಿಕೆ ಸಾಮಾನಿನ ಅಂಗಡಿಯ ಪಟ್ಟಿಯಲ್ಲಿ ನೂರಾರು ವಸ್ತುಗಳಿವೆ: ಬಣ್ಣದ ಕೋಲುಗಳು, ಮಣಿ ಚೌಕಟ್ಟು, ತಕ್ಕಡಿ, ಸಿಕ್ಕಿಸಿ ಜೋಡಿಸುವ ಡಬ್ಬಿಗಳು. ಯಾವುದು ತೆಗೆದುಕೊಳ್ಳಲಿ? ನೀನು ಲೆಕ್ಕದ ಮೇಡಂ. ನಿನ್ನ ಮಾತೇ ಅಂತಿಮ.

ನಿನ್ನ ತಂಗಿ

---

ಜೂನ್ 16

ಮರೀ,

ಮೊದಲು ಆ ಪಟ್ಟಿಯನ್ನು ಹರಿದು ಹಾಕು. ಅದು ಅಪ್ಪ ಅಮ್ಮಂದಿರಿಗಾಗಿ ಅಚ್ಚು ಹಾಕಿದ್ದು, ಮಕ್ಕಳಿಗಾಗಿ ಅಲ್ಲ.

ಬಣ್ಣದ ಕೋಲು ಬೇಡ. ಹಳದಿ ಎಂದರೆ ಐದು ಎಂದು ಮಗು ಬಣ್ಣವನ್ನು ಕಲಿಯುತ್ತದೆ, ಐದನ್ನು ಕಲಿಯುವುದಿಲ್ಲ. ನಾನು ವಸ್ತು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಲ್ಲಿ ಹತ್ತು ಎನ್ನುವುದು ಕೈಗೆ ಒಂದಕ್ಕಿಂತ ಭಾರವಾಗಿ ಸಿಗುತ್ತದೆಯೇ? ಹಾಗಾದರೆ ಅದು ಒಳ್ಳೆಯ ವಸ್ತು. ಇನ್ನೂರು ಕಡ್ಡಿ, ಒಂದು ಹಿಡಿ ರಬ್ಬರ್ ಬ್ಯಾಂಡು ಸಾಕು. ಹತ್ತು ಕಡ್ಡಿ ಎಣಿಸಿ ಅವಳೇ ಕಟ್ಟು ಕಟ್ಟಲಿ, ಅವಳೇ ಬಿಚ್ಚಲಿ.

ನಿಮ್ಮವರು ಬಡಗಿ ಕೆಲಸ ಇಟ್ಟುಕೊಂಡು ಮನೆಯಲ್ಲಿ ಒಂದು ಮಣೆಯೂ ಸರಿಯಿಲ್ಲ ಎಂದು ಗೊಣಗುತ್ತಿದ್ದೆಯಲ್ಲ, ಈಗ ದುಡಿಸು. ಅಗಲವಾದ ಒಂದು ಹಲಗೆ, ನಡುವೆ ಒಂದು ಪಟ್ಟಿ. ಎಡಗಡೆ ಹತ್ತರ ಮನೆ, ಬಲಗಡೆ ಬಿಡಿಗಳ ಮನೆ. ಒಂದು ಮಾತು ನೆನಪಿಡು: ಈ ಜಾಗ ಯಾವತ್ತೂ ಅದಲು ಬದಲಾಗಬಾರದು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹತ್ತಕ್ಕೆ ಕೈ ಎಡಕ್ಕೇ ಹೋಗಬೇಕು.

ನನ್ನ ಮಕ್ಕಳಿಗೆಲ್ಲ ಹೀಗೇ ಕಲಿಸಿದ್ದು.

ಅಕ್ಕ

---

ಜುಲೈ 4

ಅಕ್ಕಾ,

ಹಲಗೆ ಸಿದ್ಧವಾಯಿತು. ಮೂರು ಸಂಜೆ ಕೂತು ಉಜ್ಜಿ, ಅಂಚು ದುಂಡಗೆ ಮಾಡಿ, ಮೆರುಗೆಣ್ಣೆ ಹಚ್ಚಿ ತಂದರು. ತಂದವರು ಏನೂ ಗೊತ್ತಿಲ್ಲದವರಂತೆ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು. ಸಾಸಿವೆ ಅದನ್ನು ಮೂಸಿ ನೋಡಿ, "ಅಪ್ಪನ ವಾಸನೆ" ಎಂದಳು.

ಕಟ್ಟು ಕಟ್ಟುವುದರಲ್ಲಿ ಅವಳು ಜಾಣೆ. ತೊಡೆಯ ಮೇಲೆ ಹಾಕಿಕೊಂಡು ಹತ್ತು ಎಣಿಸಿ, ನಾಲಗೆ ಕಚ್ಚಿಕೊಂಡು ರಬ್ಬರ್ ಸುತ್ತುತ್ತಾಳೆ. ಎಷ್ಟು ಕಡ್ಡಿ ಎಂದರೆ ಹತ್ತು ಎನ್ನುತ್ತಾಳೆ, ತಪ್ಪುವುದೇ ಇಲ್ಲ. ಮೂರು ಕಟ್ಟು, ನಾಲ್ಕು ಬಿಡಿ ಹಲಗೆಯ ಮೇಲಿಟ್ಟು "ಎಷ್ಟು?" ಎಂದರೆ ಮಾತ್ರ "ನಾಲ್ಕು" ಎನ್ನುತ್ತಾಳೆ. ಆರು ಕಟ್ಟು, ಎರಡು ಬಿಡಿ ಇಟ್ಟರೆ "ಎರಡು".

ಕಟ್ಟುವಾಗ ಗೊತ್ತಿರುವ ಹತ್ತು ಹಲಗೆಯ ಮೇಲೆ ಇಟ್ಟ ಕೂಡಲೇ ಎಲ್ಲಿ ಹೋಗುತ್ತದೆ?

---

ಜುಲೈ 10

ಮರೀ,

ಗಾಬರಿ ಬೀಳಬೇಡ, ಎಲ್ಲರ ಮನೆಯ ದೋಸೆಯೂ ತೂತೇ ಎನ್ನುತ್ತಾರಲ್ಲ ಹಾಗೆ, ಇದು ಎಲ್ಲ ಮಕ್ಕಳ ಗೋಳು. ಕೈಯಲ್ಲಿರುವಾಗ ಅದು ಹತ್ತು ಕಡ್ಡಿ. ಹಲಗೆಗೆ ಹೋದರೆ ಅದು ಒಂದು ಕಟ್ಟು. ಒಂದು ವಸ್ತು ಏಕಕಾಲಕ್ಕೆ ಒಂದೂ ಹೌದು, ಹತ್ತೂ ಹೌದು ಎಂದು ಒಪ್ಪಿಕೊಳ್ಳುವುದು ದೊಡ್ಡವರಿಗೇ ಕಷ್ಟ. ಇದಕ್ಕೆ ಸ್ಥಾನಬೆಲೆಯ ಗೊಂದಲ ಎನ್ನುತ್ತೇವೆ.

ಉಪಾಯ: ಹಿಂದಕ್ಕೆ ಹೋಗು. ಕಾಲೂರಲು ಗಟ್ಟಿ ನೆಲ ಸಿಗುವವರೆಗೆ ಹಿಂದಕ್ಕೆ. ಹನ್ನೊಂದು, ಹನ್ನೆರಡರಿಂದ ಮತ್ತೆ ಶುರುಮಾಡು. ಅವಳು ಬರೆದ ಹಾಳೆ ಎರಡು ಕಳಿಸು, ನೋಡುತ್ತೇನೆ.

---

ಆಗಸ್ಟ್ 2

ಅಕ್ಕಾ,

ಹಾಳೆಗಳನ್ನು ಇಟ್ಟಿದ್ದೇನೆ. ಮೂರು ವಾರ ಹನ್ನೊಂದು ಹನ್ನೆರಡರಲ್ಲೇ ಕೂತೆವು. ಕೆಲವು ದಿನ ಎಲ್ಲ ಸರಿ ಹೇಳುತ್ತಾಳೆ, ತಲೆ ಪೂರ್ತಿ ವಾಲಿಸಿಕೊಂಡು ಹಕ್ಕಿಯ ಹಾಗೆ ನೋಡಿ. ಕೆಲವು ದಿನ ಅದೇ ಒಂದು, ಎರಡು. ಓದುವಾಗಲೂ ಸಾಲಿನ ಮೊದಲ ಪದ ನುಂಗುತ್ತಾಳೆ. ಗಮನ ಕಡಿಮೆಯಾಗಿದೆ. ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಂಡು ನಡೆಯುತ್ತಾಳೆ. "ಮನೆ ಕಿರಿದಾಗಿದೆಯೇನೇ?" ಎಂದರೆ "ಬಾಗ್ಲೇ ಬಂದು ನನ್ನ ಹೊಡೀತು" ಎನ್ನುತ್ತಾಳೆ.

ಎರಡು ದಿನ ರಜೆ ಹಾಕಿ ಬಂದು ಹೋಗಲು ಆಗುತ್ತದೆಯೇ? ರೈಲಿನಲ್ಲಿ ಆರು ಗಂಟೆ ಅಷ್ಟೆ. ನೀನು ಒಂದು ಸಲ ಅವಳ ಪಕ್ಕ ಕೂತರೆ ನನಗೆ ಧೈರ್ಯ.

---

ಆಗಸ್ಟ್ 9

ಮರೀ,

ಈ ತಿಂಗಳು ತರಬೇತಿ ಇದೆ, ಹೊರಡಲಾಗದು. ಬದಲಿಗೆ ಪಾರ್ಸೆಲ್ ಕಳಿಸಿದ್ದೇನೆ. ದೊಡ್ಡ ಮಣಿಗಳ ಸರ, ಹತ್ತು ಹತ್ತಾಗಿ ಪೋಣಿಸಿದ್ದು. ಹತ್ತರ ಸರ ಕಣ್ಣಿಗೆ ಹೊಡೆಯುವಷ್ಟು ಉದ್ದವಿದೆ. ಇದನ್ನು ಮರೆಯಲು ಸಾಧ್ಯವೇ ಇಲ್ಲ.

ಹಾಳೆಗಳನ್ನು ತಿದ್ದಿ ಕಳಿಸಿದ್ದೇನೆ. ಕೂಡುವುದು ಚೆನ್ನಾಗಿದೆ. ಹಾಳೆಯ ಅರ್ಧಭಾಗ ಖಾಲಿ ಬಿಟ್ಟು ನಡುವಿನಿಂದ ಬರೆಯುತ್ತಾಳೆ, ಅದಕ್ಕೆ ಕೆಂಪು ಇಂಕಿನಲ್ಲಿ "ಕಾಗದ ಹಾಳುಮಾಡಬೇಡ ಕಳ್ಳಿ, ಮರ ಅಳುತ್ತೆ" ಎಂದು ಬರೆದಿದ್ದೇನೆ. ದೊಡ್ಡಮ್ಮ ಹೇಳಿದಳು ಎಂದು ತೋರಿಸು, ನಗುತ್ತಾಳೆ.

---

ಸೆಪ್ಟೆಂಬರ್ 6

ಅಕ್ಕಾ,

ನಗಲಿಲ್ಲ. "ಎಲ್ಲಿ ಖಾಲಿ ಬಿಟ್ಟಿದೀನಿ?" ಎಂದು ಕೇಳಿದಳು.

ಮಣಿ ಸರದಿಂದಲೂ ಆಗಲಿಲ್ಲ. ಮೊನ್ನೆ ಹಲಗೆಯ ಮುಂದೆ ಕೂರಿಸಿ, "ಹತ್ತರ ಮನೇಲಿ ಯಾರಿದಾರೆ ನೋಡು" ಎಂದೆ. "ಯಾರೂ ಇಲ್ಲಮ್ಮ, ಬೀಗ ಹಾಕ್ಕೊಂಡು ಹೋಗಿದಾರೆ" ಎಂದಳು. ಐದು ಕಟ್ಟು ಇಟ್ಟಿದ್ದೆ ಅಕ್ಕಾ, ಅವಳ ಮೊಣಕೈ ಪಕ್ಕದಲ್ಲೇ. ಇವರು ಒಳಗಿನಿಂದ ಕೇಳಿಸಿಕೊಂಡು, "ತಮಾಷೆ ಮಾಡ್ತಿದಾಳೆ ನಿನ್ನ, ಮಾಡಿಸ್ಕೋ" ಎಂದರು.

ಊಟದ ತಟ್ಟೆಯಲ್ಲೂ ಅರ್ಧ ಬಿಟ್ಟು ಏಳುತ್ತಾಳೆ, ಇನ್ನೂ ಹಸಿವು ಎನ್ನುತ್ತಾಳೆ. ಬೆಳಗ್ಗೆ ಎದ್ದ ಕೂಡಲೇ ಒಂದೊಂದು ದಿನ ವಾಂತಿ. ಪಾಠ ತಪ್ಪಿಸಿಕೊಳ್ಳಲು ಇರಬೇಕು ಎಂದು ನಾವು ಹೆಚ್ಚು ತಲೆಕೆಡಿಸಿಕೊಂಡಿಲ್ಲ.

ಆ ದಿನ ಇನ್ನೂ ಒಂದು ಆಯಿತು. ಬಿಡು.

---

ಸೆಪ್ಟೆಂಬರ್ 13

ಮರೀ,

ನಿನ್ನ ಕಾಗದದಲ್ಲಿ ಮಗುವಿಗಿಂತ ನೀನೇ ಹೆಚ್ಚು ಸೋತಿದ್ದೀಯ. ಅಮ್ಮ ಬೆದರಿದರೆ ಮಗು ಆಟ ಹೂಡುತ್ತದೆ, ಸಾವಿರ ಸಲ ನೋಡಿದ್ದೇನೆ. ಬೀಗ ಹಾಕಿದ ಮನೆ! ಎಷ್ಟು ಚುರುಕು ನೋಡು. ಮುದ್ದು ಸ್ವಲ್ಪ ಕಡಿಮೆ ಮಾಡು. ವಸ್ತುಗಳನ್ನು ಪದೇ ಪದೇ ಬದಲಿಸುವುದೂ ಬೇಡ. ದಿನಕ್ಕೆ ಅರ್ಧ ಗಂಟೆ, ಅದೇ ಹಲಗೆ, ಅದೇ ಜಾಗ. ಹೊಡೆಯಬೇಡ. ಉಳಿದಂತೆ ಬಿಗಿಯಾಗಿರು.

---

ಅಕ್ಟೋಬರ್ 3

ಅಕ್ಕಾ, ಅಕ್ಕಾ,

ಗೆದ್ದೆವು! ನಿನ್ನೆ ಅವಳು ಬಿಸಿಲು ಕಣ್ಣಿಗೆ ಬೀಳುತ್ತಿದೆ ಎಂದು ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕೂತಳು. ಹಲಗೆಯನ್ನು ನಾನು ಅಲುಗಿಸಲಿಲ್ಲ. ಮೂರು ಕಟ್ಟು, ನಾಲ್ಕು ಬಿಡಿ. "ಎಷ್ಟೇ?" ಎಂದೆ. "ಮೂವತ್ತು!" ಎಂದಳು, ತಡಮಾಡದೆ. ಆರು ಕಟ್ಟು, ಎರಡು ಬಿಡಿ. "ಅರವತ್ತು!" ನಾನು ಎದ್ದು ಅವಳನ್ನು ಎತ್ತಿಕೊಂಡು ಅಡುಗೆಮನೆ ತುಂಬ ತಿರುಗಿದೆ. ಇವರೂ ಬಂದು ನೋಡಿ, "ಹಾಗಾದ್ರೆ ಮಾರ್ಚಿಗೆ ತೊಂದ್ರೆ ಇಲ್ಲ ಬಿಡು" ಎಂದರು. ನಾಲ್ಕು ತಿಂಗಳಲ್ಲಿ ಇವರು ಹಾಗೆ ನಕ್ಕಿದ್ದು ಇದೇ ಮೊದಲು.

ಈಗ ಹತ್ತು ಪಕ್ಕಾ ಬಂತು. ಬಿಡಿಗಳನ್ನು ಮಾತ್ರ ಹೇಳುವುದು ಮರೆಯುತ್ತಾಳೆ. ಅದಕ್ಕೆ ಯಾವ ವಸ್ತು ಒಳ್ಳೆಯದು?

---

ಅಕ್ಟೋಬರ್ 7

ಈ ಕಾಗದ ಓದುತ್ತಿದ್ದರೆ ಕೆಳಗಿಟ್ಟು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಬೆಳಗಿನಿಂದ ನಿನ್ನ ಫೋನಿಗೆ, ನಿಮ್ಮವರ ಅಂಗಡಿಯ ಫೋನಿಗೆ ಮಾಡುತ್ತಿದ್ದೇನೆ. ಯಾರೂ ಎತ್ತುತ್ತಿಲ್ಲ. ಮಾಡುತ್ತಲೇ ಇರುತ್ತೇನೆ. ಸಿಗದಿದ್ದರೆ ಎಂದು ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ.

ಆಚೆ ಬದಿಯಲ್ಲಿ ಕೂತಾಗ ಅವಳ ಎಡಕ್ಕೆ ಬಂದದ್ದು ಬಿಡಿಗಳ ಮನೆ. ಆಗ ಬಿಡಿಗಳು ಹೋದವು. ಅವಳು ಹತ್ತನ್ನು ಬಿಡುತ್ತಿರಲಿಲ್ಲ ಮರೀ, ಎಡಗಡೆಯನ್ನು ಬಿಡುತ್ತಿದ್ದಳು. ತಟ್ಟೆಯ ಅರ್ಧ, ಹಾಳೆಯ ಅರ್ಧ, ಸಾಲಿನ ಮೊದಲ ಪದ, ಬಾಗಿಲು. ಅವಳಿಗೆ ಆ ಕಡೆ ಕಾಣುತ್ತಿಲ್ಲ. ಕಾಣುತ್ತಿಲ್ಲ ಎನ್ನುವುದೂ ಅವಳಿಗೆ ಗೊತ್ತಿಲ್ಲ.

ನಿನ್ನ ಮೂಗನ್ನೇ ನೋಡಲು ಹೇಳಿ, ಅವಳ ಕಿವಿಯ ಹಿಂದಿನಿಂದ ನಿನ್ನ ಬೆರಳನ್ನು ನಿಧಾನವಾಗಿ ಮುಂದಕ್ಕೆ ತಾ. ಎರಡೂ ಕಡೆಯಿಂದ. ಯಾವಾಗ ಕಂಡಿತು ಎಂದು ಕೇಳು. ಬೇಡ, ಅದನ್ನೂ ಮಾಡಬೇಡ. ಹೊರಡು.

---

ಅಕ್ಟೋಬರ್ 21

ಮರೀ,

ಆ ಸಂಜೆ ನಿಮ್ಮವರು ಫೋನ್ ಎತ್ತಿದ ಮೇಲೆ ನನಗೆ ಏನೂ ತಿಳಿದಿಲ್ಲ. ಒಂದು ಸಾಲು ಸಾಕು. ನೀನು ಬಾ ಎಂದರೆ ಈಗಲೇ ಹೊರಡುತ್ತೇನೆ.

---

ನವೆಂಬರ್ 4

ಮರೀ,

ನಿಮ್ಮವರು ನಿನ್ನೆ ಮಾತಾಡಿದರು. ತಲೆಯೊಳಗೆ ಬಲಗಡೆ ಗಡ್ಡೆ, ಆಪರೇಷನ್ ಆಯಿತು, ಪೂರ್ತಿ ತೆಗೆಯಲಾಗಲಿಲ್ಲ. ಇಷ್ಟನ್ನು ಅವರು ಮರದ ಅಳತೆ ಹೇಳುವ ಹಾಗೆ ಹೇಳಿದರು. ಫೋನು ನಿನ್ನ ಕೈಗೆ ಕೊಡಿ ಎಂದೆ. "ಅವಳು ಬೇಡ ಅಂತಿದಾಳೆ ಅಕ್ಕ" ಎಂದರು.

ಬೇಡ ಎನ್ನಲು ನಿನಗೆ ಹಕ್ಕಿದೆ. ಆದರೆ ನಾನು ಮುಚ್ಚಿಟ್ಟದ್ದನ್ನು ಹೇಳದೆ ಇರಲಾರೆ.

ನಾನು ಒಂದು ಮಗುವಿನ ಪಕ್ಕ ನೆಲದ ಮೇಲೆ ಕೂತು ಕಲಿಸಿ ಒಂಬತ್ತು ವರ್ಷವಾಯಿತು. ನನ್ನ ಮಕ್ಕಳು, ನನ್ನ ಮಕ್ಕಳು ಎಂದು ಬರೆಯುತ್ತಿದ್ದೆನಲ್ಲ, ಅವರೆಲ್ಲ ಮೀಸೆ ಬಂದವರು, ಸೆರಗು ಸಿಕ್ಕಿಸಿಕೊಂಡವರು. ಶಿಕ್ಷಕರಿಗೆ ಪಾಠ ಮಾಡುತ್ತೇನೆ. ತಪ್ಪು ಉತ್ತರಗಳನ್ನು ಪರದೆಯ ಮೇಲೆ ತೋರಿಸಿ, ಇದು ಇಂಥ ಗೊಂದಲ, ಇದಕ್ಕೆ ಇಂಥ ವಸ್ತು ಎಂದು ಹೇಳುತ್ತೇನೆ. ನೀನು ಬರೆದ "ನಾಲ್ಕು" ಎಂಬ ಉತ್ತರ ನನ್ನ ಪಟ್ಟಿಯಲ್ಲಿತ್ತು, ಅದರ ಎದುರು ಹೆಸರೂ ಇತ್ತು. ಹೆಸರಿದ್ದ ಮೇಲೆ ನೋಡುವ ಅಗತ್ಯ ಕಾಣಲಿಲ್ಲ.

ಆಗಸ್ಟಿನ ತರಬೇತಿ ಎರಡೇ ದಿನದ್ದು. ನೀನು ಕರೆದಾಗ ಬರಬಹುದಿತ್ತು. ಬಂದರೆ ಮಗುವಿನ ಮುಂದೆ ಕೈ ಕಟ್ಟಿ ಹೋದೀತೆಂದು ಹೆದರಿದೆ. ತಂಗಿಯ ಎದುರು ಸಣ್ಣವಳಾಗುತ್ತೇನೆ ಎಂದು. ಅದಕ್ಕೆ ಮಣಿ ಸರ ಕಳಿಸಿದೆ.

ಅವಳ ಹಾಳೆಗಳ ನಕಲು ನನ್ನ ಬಳಿ ಇದೆ. ಬರೆದಿರುವುದೆಲ್ಲ ಬಲಗಡೆ. ಗೆರೆ ಎಳೆದ ಹಾಗೆ. ನನ್ನ ಕೆಂಪು ಇಂಕು ಮಾತ್ರ ಎಡಗಡೆ ಇದೆ, ಅವಳಿಗೆ ಕಾಣದ ಕಡೆ.

ಅಕ್ಕ

---

ನವೆಂಬರ್ 18

ಅಕ್ಕಾ,

ನಿನ್ನನ್ನು ಬಯ್ಯಬೇಕೆಂದು ಎರಡು ಸಲ ಕೂತೆ. ಆಗಲಿಲ್ಲ, ಏಕೆಂದರೆ ಸೆಪ್ಟೆಂಬರಿನಲ್ಲಿ ನಾನು "ಬಿಡು" ಎಂದು ಬರೆದದ್ದೂ ಇದೆಯಲ್ಲ.

ಬೀಗ ಹಾಕಿಕೊಂಡು ಹೋಗಿದ್ದಾರೆ ಎಂದಾಗ ನನಗೆ ರೇಗಿತು. ಅಡಿಕೋಲಿನಿಂದ ಹೊಡೆದೆ. ಹಲಗೆಯ ಮೇಲಿದ್ದ ಎಡಗೈಯ ಬೆರಳುಗಳಿಗೆ, ಮೂರು ಸಲ. ಅವಳು ಅಳುವುದಕ್ಕೆ ಮೊದಲು ಸುತ್ತ ನೋಡಿದಳು. ಗೋಡೆ ನೋಡಿದಳು, ಬಾಗಿಲು ನೋಡಿದಳು. ಯಾರು ಹೊಡೆದರು ಎಂದು ಹುಡುಕುತ್ತಿದ್ದಳು. ನಾಟಕ ಎಂದುಕೊಂಡು ಮತ್ತೊಂದು ಕೊಟ್ಟೆ. ಏಟು ಬಂದ ಕಡೆ ಅವಳಿಗೆ ಇರಲೇ ಇಲ್ಲ.

ಡಾಕ್ಟರನ್ನು ಕೇಳಿದೆ, ಜೂನಿನಲ್ಲೇ ಬಂದಿದ್ದರೆ? ಅವರು ಸ್ಕ್ಯಾನ್ ಚಿತ್ರಗಳನ್ನು ಲಕೋಟೆಗೆ ಹಾಕುತ್ತಾ, "ಆ ಲೆಕ್ಕ ಹಾಕ್ಬೇಡಿ ಅಮ್ಮ" ಎಂದರು. ಒಳ್ಳೆಯವರು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಉಳಿದದ್ದು ಮತ್ತೆ ಬೆಳೆಯುತ್ತಿದೆ. ಇನ್ನೊಮ್ಮೆ ತೆರೆದರೆ ಮಾತು ಹೋಗಬಹುದು, ಜೀವವೂ. ತೆರೆಯದಿದ್ದರೆ ಹೀಗೇ, ನೋವಿಗೆ ಔಷಧಿ ಕೊಡುತ್ತಾ. ನಾವಿಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತೀರ್ಮಾನ ಮಾಡಿದೆವು. ಬೇಡ ಎಂದು. ಮಾತು ಇರಲಿ, ಅವಳ ಮಾತೇ ಈ ಮನೆಯ ಸದ್ದು. ಮಾರ್ಚ್ ಬಗ್ಗೆ ಡಾಕ್ಟರನ್ನು ಕೇಳಿದೆ. "ಮಾರ್ಚ್ ದೂರ ಇದೆ" ಎಂದರು.

ಮರುದಿನ ಇವರು ಪ್ರವೇಶ ಪರೀಕ್ಷೆಯ ಅರ್ಜಿ ತಂದು, ತುಂಬಿ, ಅವಳ ಕೈಗೆ ಕೊಟ್ಟು ಸಹಿ ಹಾಕಿಸಿದರು. "ಹಾಸ್ಟೆಲ್ ಇಲ್ಲ ತಾನೇ?" ಎಂದು ಕೇಳಿದಳು. "ಇಲ್ಲ ಕಣೇ. ಯಾರ್ ಕಳಿಸ್ತಾರೆ ನಿನ್ನ" ಎಂದು ಹೇಳಿ ಹೊರಗೆ ಹೋದವರು ಅಂಗಡಿಯಲ್ಲಿ ಸುಮ್ಮನೆ ಒಂದು ತುಂಡು ಹಲಗೆಗೆ ಉಜ್ಜುಗೊರಡು ಹಾಕುತ್ತಾ ಕೂತಿದ್ದರಂತೆ, ಅದು ಕಾಗದದಷ್ಟು ತೆಳ್ಳಗಾಗುವವರೆಗೆ.

---

ನವೆಂಬರ್ 24

ಮರೀ,

ಕಾಗದ ಬಂತು. ಮುಂದಿನ ವಾರ ಶನಿವಾರದ ಬೆಳಗಿನ ರೈಲಿಗೆ ಹೊರಡುತ್ತೇನೆ. ಬೇಡ ಎನ್ನುವುದಿದ್ದರೆ ಅಷ್ಟರೊಳಗೆ ಹೇಳು. ಅವಳಿಗೆ ಏನು ತರಲಿ?

---

ನವೆಂಬರ್ 28

ಅಕ್ಕಾ,

ಬಾ. ಏನೂ ತರಬೇಡ. ಮಣಿ ಬೇಡ, ಪುಸ್ತಕ ಬೇಡ, ಬೊಂಬೆ ಬೇಡ. ಬರಿಗೈಯಲ್ಲಿ ಬಂದು ಕೂತುಕೋ.

ಹಾಸಿಗೆಯನ್ನು ಕಿಟಕಿಯ ಕಡೆ ಸರಿಸಿದ್ದೇವೆ, ಬೀದಿ ಅವಳ ಬಲಕ್ಕೆ ಬರುವ ಹಾಗೆ. ಬಲಗಡೆಯ ಕುರ್ಚಿ ನಿನಗೆ. ಅಲ್ಲಿಂದಲೇ ಮಾತಾಡು, ಅಲ್ಲಿಂದಲೇ ಊಟ ಮಾಡಿಸು. ಅವಳಿಗೆ ದೊಡ್ಡಮ್ಮ ಎಂದರೆ ಕೆಂಪು ಇಂಕಿನವಳು, ನೀನೇ ಸರಿಮಾಡಿಕೋ. ಕೂದಲು ತೆಗೆದಿದ್ದಾರೆ, ನೋಡಿ ಬೆಚ್ಚಬೇಡ, ಕನ್ನಡಿಯಲ್ಲಿ ನೋಡಿಕೊಂಡು ಅವಳೇ "ನಾನೀಗ ನಿಜವಾದ ಸಾಸಿವೆ" ಎಂದು ನಗುತ್ತಾಳೆ.

ನೀನು ಬಂದ ಮೇಲೆ ನನಗೊಂದು ಬಿಡುವು ಸಿಗುತ್ತದೆ. ಈಗ ಇಡೀ ದಿನ ಅವಳ ಬಲಗಡೆ ಕೂತು ನಗುತ್ತಿರಬೇಕು. ನೀನು ಅಲ್ಲಿ ಕೂತರೆ ನಾನು ಹಾಸಿಗೆಯ ಎಡಗಡೆ ಹೋಗಿ ಕೂರಬಹುದು. ಒಂದು ಮೊಳ ದೂರದಲ್ಲೇ ಇದ್ದರೂ ಅವಳಿಗೆ ನಾನು ಇರುವುದಿಲ್ಲ. ಅಲ್ಲಿ ಕೂತು ಅವಳನ್ನು ಕಣ್ತುಂಬ ನೋಡಬಹುದು, ಅಳಬಹುದು, ಸದ್ದು ಹೊರಬರದಿದ್ದರೆ ಸಾಕು.

"ಅಮ್ಮ ಎಲ್ಲಿ ಹೋದ್ಲು?" ಎಂದು ಕೇಳುತ್ತಾಳೆ. ಈಗ ಬರ್ತಾಳೆ ಎನ್ನು. ನಾನು ಮುಖ ಒರೆಸಿಕೊಳ್ಳುವವರೆಗೆ ಮಾತಾಡಿಸುತ್ತಿರು.